ಕೈನಡುಕದ ಚಿಕಿತ್ಸೆ ಜಿಲ್ಲೆಯಲ್ಲೇ ಸಿಗಲಿ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬೀಡಿ ಕಟ್ಟಿ ಸಂಸಾರ ನಡೆಸುವ ಹೆಂಗಸರು ಇಂದಿಗೂ ಬಹಳ. ನಮ್ಮ ನೆರೆಕರೆಯ ಹಿರಿಯರೊಬ್ಬರಿಗೆ ಈಗ ಕೈ ನಡುಗಿ, ಎಲೆ ಸುರುಳಿಯಾಗುವ ಮೊದಲೇ ಹೊಗೆಸೊಪ್ಪಿನ ಹುಡಿ ಮಡಿಲಿಗೆ ಚೆಲ್ಲುತ್ತದೆ. ‘ಪ್ರಾಯವಾಯಿತಲ್ಲ’ ಎಂದು ಮನೆಯವರು ಸುಮ್ಮನಾಗಿದ್ದಾರೆ. ಗಂಡಸರಿಗಾದರೆ ಕುಡಿತದ ಅಪವಾದ ಬೇರೆ!

ನಡುಕಕ್ಕೆ ಮದ್ದಿದೆ. ಮೊದಲು ಪ್ರೊಪ್ರನೊಲಾಲ್‌ನಂಥ ಮಾತ್ರೆ. ಅದಕ್ಕೆ ಬಗ್ಗದಿದ್ದರೆ, ಮುಖ್ಯವಾಗಿ ತಲೆ, ಧ್ವನಿ ನಡುಗುವವರಿಗೆ ಮತ್ತು ಕೆಲವರ ಕೈನಡುಕಕ್ಕೆ, ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು. ಸಿನಿಮಾ ತಾರೆಯರ ಸುಕ್ಕು ತೆಗೆಯುವ ಬೊಟಾಕ್ಸ್ ಎಂದರೆ ಇದೇ. ಆದರೆ 1989ರಲ್ಲಿ ಅಮೆರಿಕದಲ್ಲಿ ಇದಕ್ಕೆ ಮೊದಲ ಅನುಮತಿ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆ ಸೆಳೆತದ ಚಿಕಿತ್ಸೆಗೆ. ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ಅದು ತಡೆಯುತ್ತದೆ. ಪರಿಣಾಮ ಸುಮಾರು 3 ತಿಂಗಳು ಮಾತ್ರ, ಮತ್ತೆ ಚುಚ್ಚಿಸಬೇಕು. ಪ್ರಮಾಣ ತಪ್ಪಿದರೆ ಬೆರಳಿನ ಹಿಡಿತವೇ ಸಡಿಲವಾದೀತು. ಹಾಗಾಗಿ ಪಳಗಿದ ನರರೋಗ ತಜ್ಞರೇ ಬೇಕು.

ದಿನಗೂಲಿಯವರು ಈ ಚುಚ್ಚುಮದ್ದಿಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿಬರಲು ಆದೀತೇ? ಮಿದುಳು ಆರೋಗ್ಯಕ್ಕೆಂದು ಸರ್ಕಾರ 2022ರಲ್ಲಿ ನಿಮ್ಹಾನ್ಸ್ ಜೊತೆ ಕಾರ್ಯಕ್ರಮ ಆರಂಭಿಸಿದೆ. ಅದರಡಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ನಿಗದಿತ ದಿನ ನಡುಕದ ಕ್ಲಿನಿಕ್ ನಡೆಯಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ಗುರುತಿಸಿ ಅಲ್ಲಿಗೆ ಕಳುಹಿಸಲಿ. ದುಬಾರಿ ಚುಚ್ಚುಮದ್ದಿನ ಖರ್ಚನ್ನು ಆರೋಗ್ಯ ಕರ್ನಾಟಕ ಯೋಜನೆ ಭರಿಸಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು, ನಮ್ಮ ಶಾಸಕರು ಇತ್ತ ಗಮನ ಹರಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಬಂಟ್ವಾಳ