ಅಮ್ಮನ ಮಂಚಕ್ಕೆ ಗರಗಸ ಬೇಡ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಮನೆ ಕಟ್ಟಿಸುವ ವಯಸ್ಸಿನಲ್ಲಿದ್ದೀರಿ. ಆದುದರಿಂದ ಕಳೆದ ತಿಂಗಳು ಮಗಳ ಮನೆಯಲ್ಲಿ ನಡೆದ ಒಂದು ಚರ್ಚೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನ ತನ್ನ ಹೊಸ ಫ್ಲ್ಯಾಟಿನ ಮಲಗುವ ಕೋಣೆಯನ್ನು 'ಸಾಂಪ್ರದಾಯಿಕ ಶೈಲಿ'ಯಲ್ಲಿ ಸಜ್ಜುಗೊಳಿಸಬೇಕೆಂಬುದು ಅವಳ ಆಸೆ. ಅದಕ್ಕಾಗಿ ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಯಿಂದ ನನ್ನ ತಾಯಿಯ ಬೀಟೆ ಮಂಚವನ್ನು ತರಿಸಿದ್ದಳು. ಒಳಾಂಗಣ ವಿನ್ಯಾಸಕಾರರು ಅಳೆದು ನೋಡಿದರು. ಅಗಲ ಮೂರೂಮುಕ್ಕಾಲು ಅಡಿ. ಅಂಗಡಿಯ ಸಿದ್ಧ ಹಾಸಿಗೆ ಹೊಂದದು. ತಲೆಯ ಕಡೆಯ ಕೆತ್ತನೆಯ ಹಲಗೆಯನ್ನಷ್ಟೇ ಕೊಯ್ದು, ಹೊಸ ಮಂಚದ ಹಿಂದೆ ಗೋಡೆಗೆ ಕೂರಿಸೋಣ ಎಂದರು.

"ನೋಡೋದಕ್ಕೆ ಚೆನ್ನಾಗಿರುತ್ತೆ ಅಲ್ವಾ ಅಪ್ಪ?" ಎಂದಳು ಮಗಳು.

ನನ್ನ ತಂಗಿ ಹುಟ್ಟಿದ್ದು ಆ ಮಂಚದ ಮೇಲೆ. ತಾಯಿ ತಮ್ಮ ಕೊನೆಯ ಎರಡು ವರ್ಷ ಕಳೆದದ್ದೂ ಅದರ ಮೇಲೆಯೇ. ಆದರೆ ನನ್ನ ಆಕ್ಷೇಪಣೆ ಕೇವಲ ಭಾವುಕತೆಯದಲ್ಲ. ಆ ಮಂಚದಲ್ಲಿ ಒಂದೂ ಮೊಳೆಯಿಲ್ಲ. ಆಚಾರಿಯು ಕಾಲುಗಳಿಗೆ ತೂತು ಕೊರೆದು, ಪಟ್ಟಿಗಳನ್ನು ಸೇರಿಸಿ, ಬೆಣೆ ಹೊಡೆದು ನಿಲ್ಲಿಸಿದ್ದಾನೆ. ತಲೆಯ ಕಡೆಯ ಎರಡು ಕಾಲುಗಳೂ ಆ ಹಲಗೆಯೊಡನೆಯೇ ಕೂಡಿಕೊಂಡಿವೆ. ಅದನ್ನು ಕೊಯ್ದರೆ ಉಳಿಯುವುದು ಸೌದೆ.

ನಿಜ ಹೇಳಬೇಕೆಂದರೆ, ನಮ್ಮ ಮನೆಯಲ್ಲಿ ಮಲಗುವ ಕೋಣೆ ಎಂಬುದೇ ಇರಲಿಲ್ಲ. ಮಂಚವೇನಿದ್ದರೂ ಹಿರಿಯರಿಗೆ, ಬಾಣಂತಿಯರಿಗೆ, ಕಾಯಿಲೆಯವರಿಗೆ. ಉಳಿದವರೆಲ್ಲ ಜಗಲಿಯಲ್ಲೋ ನಡುಮನೆಯಲ್ಲೋ ಚಾಪೆ, ಕಂಬಳಿ ಹಾಸಿ ಮಲಗುತ್ತಿದ್ದೆವು. ಬೆಳಿಗ್ಗೆ ಹಾಸಿಗೆ ಸುತ್ತಿಟ್ಟರೆ ಅದೇ ಜಾಗದಲ್ಲಿ ಊಟದ ಎಲೆ. ಹೀಗಿರುವಾಗ ಗೋಡೆಗೆ ಬಡಿದ ಕೆತ್ತನೆಯೂ, ಮೂಲೆಯಲ್ಲಿ ನಿಲ್ಲಿಸಿದ ತಾಮ್ರದ ಹಂಡೆಯೂ (ಪಾಪ, ಬಚ್ಚಲಿನಲ್ಲಿರಬೇಕಾದದ್ದು!) ಸಂಪ್ರದಾಯವಾಗುವುದು ಹೇಗೆ? ಮಲಗುವುದಾದರೆ ಮಂಚ; ಇಲ್ಲದಿದ್ದರೆ ಅದು ಊರಿನಲ್ಲೇ ಇರಲಿ.

ಬೇಕಾದ ಅಳತೆಗೆ ಹತ್ತಿ ಹಾಸಿಗೆ ಹೊಲಿದುಕೊಡುವವರು ಇನ್ನೂ ಇದ್ದಾರೆ. ಹೊದೆಯಲು ಕೌದಿಯಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ, ಸುತ್ತುತ್ತ ನಡುವಿನವರೆಗೆ ಕೈಯಲ್ಲೇ ಹೊಲಿಯುತ್ತಾರೆ. ಮನೆಯ ಹಳೆಯ ಸೀರೆಗಳಿಂದ ಅಂತಹದೊಂದನ್ನು ಹೊಲಿಸಿಕೊಂಡರೆ ಅಂಗಡಿಯ ಬಣ್ಣದ ಹೊದಿಕೆಗಳು ಏಕೆ? ಕೆಂಪು ಗಾರೆ ನೆಲದ ಆಸೆಯನ್ನು ಮಾತ್ರ ಫ್ಲ್ಯಾಟಿನಲ್ಲಿ ಬಿಟ್ಟುಬಿಡಿ.

ಇಬ್ಬರು ಮಲಗಲು ಈ ಮಂಚ ಸಾಲದೆಂಬ ಮಗಳ ಮಾತನ್ನು ಒಪ್ಪಿಕೊಂಡೆ. ಎರಡು ದಿನಗಳ ವಾದದ ತರುವಾಯ ದೊಡ್ಡ ಕೋಣೆಗೆ ಹೊಸ ಮಂಚ ಬಂದಿತು; ಹಳೆಯದು ಮೊಮ್ಮಗಳ ಕೋಣೆ ಸೇರಿತು. ಬೆಣೆಗಳನ್ನು ಅವಳೇ ಮರದ ಸುತ್ತಿಗೆಯಿಂದ ಹೊಡೆದಳು. ಒಂದು ಬೆಣೆ ಸ್ವಲ್ಪ ಸಡಿಲವಾಗಿದೆ. ಮುಂದಿನ ಸಲ ಊರಿನಿಂದ ಒಂದು ಚೂರು ಬೀಟೆ ತೆಗೆದುಕೊಂಡು ಹೋಗಬೇಕು.