ಬೆಲೆಯೂ ಮೌಲ್ಯವೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ, ಚಿತ್ತವಾಡ್ಗಿ)

‘ಬೆಲೆ’ ಎಂಬ ಮಾತು ನಮ್ಮ ನುಡಿಯಲ್ಲಿ ಎರಡು ಕೆಲಸ ಮಾಡುತ್ತದೆ. ಸಂತೆಯಲ್ಲಿ ಬದನೆಕಾಯಿಯ ಬೆಲೆ ಕೇಳುತ್ತೇವೆ. ಮನೆಯಲ್ಲಿ ಹಿರಿಯರ ಮಾತಿಗೆ ಬೆಲೆ ಕೊಡಬೇಕೆನ್ನುತ್ತೇವೆ. ಮೊದಲನೆಯದನ್ನು ರೂಪಾಯಿಗಳಲ್ಲಿ ಎಣಿಸಬಹುದು, ಎರಡನೆಯದನ್ನು ಎಣಿಸಲಾಗದು. ಒಂದೇ ಮಾತು ಎರಡಕ್ಕೂ ಸಲ್ಲುವುದರಿಂದಲೋ ಏನೋ, ಹೆಚ್ಚು ಹಣ ತೆತ್ತುದೆಲ್ಲ ಉತ್ತಮವೆಂದೂ ಅಗ್ಗಕ್ಕೆ ಬಂದುದೆಲ್ಲ ಲಾಭವೆಂದೂ ನಾವು ಭ್ರಮಿಸುವುದುಂಟು. ಈ ಎರಡು ಭ್ರಮೆಗಳೂ ಕೊಳ್ಳುವವನ ಕೈ ಸುಡುವಂಥವು. ಆದುದರಿಂದ ಇಲ್ಲಿ ನಾವು ತೆರುವ ಹಣವನ್ನು ಬೆಲೆಯೆಂದೂ, ವಸ್ತುವು ನಮ್ಮ ಬಾಳಿಗೆ ಮಾಡುವ ಉಪಕಾರವನ್ನು ಮೌಲ್ಯವೆಂದೂ ಕರೆಯುತ್ತೇನೆ.

ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಕೇಳಿದ ಒಂದು ಒಗಟುಂಟು. ಆಡಂ ಸ್ಮಿತ್ತನು 1776ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದನ್ನು ಎತ್ತಿದನು. ನೀರಿಲ್ಲದೆ ಮನುಷ್ಯ ಬದುಕಲಾರ, ಆದರೂ ನೀರಿಗೆ ಬದಲಾಗಿ ಏನೂ ದೊರೆಯದು; ವಜ್ರದಿಂದ ಹೆಚ್ಚಿನ ಉಪಯೋಗವಿಲ್ಲ, ಆದರೂ ಅದಕ್ಕೆ ಬದಲಾಗಿ ಬೇಕಾದಷ್ಟು ಸರಕು ದೊರೆಯುತ್ತದೆ. ಬೆಲೆಯನ್ನು ನಿರ್ಧರಿಸುವುದು ವಸ್ತುವಿನ ಒಟ್ಟು ಪ್ರಯೋಜನವಲ್ಲ, ಅದರ ಇನ್ನೊಂದು ಅಂಶ ಕೈಗೆ ಬಂದಾಗ ಹೆಚ್ಚುವ ಪ್ರಯೋಜನವೆಂದು ಮುಂದಿನ ಶಾಸ್ತ್ರಜ್ಞರು ಸಮಾಧಾನ ಹೇಳಿದರು. ಸೀಮಾಂತ ತುಷ್ಟಿಗುಣವೆಂದು ನಾವು ಪರೀಕ್ಷೆಯಲ್ಲಿ ಬರೆಯುವುದು ಇದನ್ನೇ. ಬೆಲೆಯು ವಿರಳತೆಯನ್ನು ಹೇಳುತ್ತದೆಯೇ ಹೊರತು ಅಗತ್ಯವನ್ನಲ್ಲ ಎಂಬುದು ಅದರ ಸಾರ.

ಈ ಪಾಠಕ್ಕೆ ಹೊಸಪೇಟೆಯ ಸೀಮೆಯವರು ಪರದೇಶಕ್ಕೆ ಹೋಗಬೇಕಾಗಿಲ್ಲ. ನೀರೂ ವಜ್ರವೂ ನಮ್ಮ ನೆಲದಲ್ಲೇ ಅಕ್ಕಪಕ್ಕದಲ್ಲಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು, ಇಲ್ಲಿನ ಪೇಟೆಯಲ್ಲಿ ಮುತ್ತು, ಮಾಣಿಕ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿದ್ದಾನೆ. ಅದೇ ರಾಜ್ಯದ ಕಾಲದಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ ಕಾಲುವೆಗಳನ್ನೂ ತೆಗೆದರು. 1565ರ ಯುದ್ಧದ ತರುವಾಯ ಪೇಟೆ ಪಾಳುಬಿದ್ದಿತು. ವಜ್ರಗಳು ಯಾರ ಪೆಟ್ಟಿಗೆ ಸೇರಿದವೋ ಬಲ್ಲವರಿಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆಗಳಾದರೋ ಇಂದಿಗೂ ಹರಿಯುತ್ತಿವೆ. ಅವುಗಳ ಹಳೆಯ ಅಣೆಕಟ್ಟುಗಳು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ್ದರಿಂದ ಈಗ ಜಲಾಶಯದಿಂದಲೇ ನೀರು ಬರುತ್ತದೆ. ಕಬ್ಬು, ಬಾಳೆ, ಬತ್ತ ಆ ನೀರಿನಲ್ಲೇ ಬೆಳೆಯುತ್ತವೆ. ಹಂಪಿಗೆ ಬರುವ ಪ್ರವಾಸಿಗಳು ವಜ್ರ ಮಾರಿದ ಬೀದಿ ಯಾವುದೆಂದು ಕೇಳುತ್ತಾರೆ. ಕಾಲುವೆಯ ದಂಡೆಯಲ್ಲಿ ನಿಂತು ಇದನ್ನು ಯಾರು ತೋಡಿದರೆಂದು ಕೇಳುವವರು ಎಷ್ಟು ಮಂದಿ?

ಈಚಿನ ನಿದರ್ಶನವೂ ಒಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿಗಿರುವುದು 33 ಗೇಟುಗಳು, ಹೋದುದು ಒಂದು. ಆದರೂ ತಾತ್ಕಾಲಿಕ ತಡೆಗಳನ್ನು ಇಳಿಸುವವರೆಗೆ ಸುಮಾರು ಒಂದು ವಾರ ಮೂರು ರಾಜ್ಯಗಳ ರೈತರು ತುಂಬಿದ ಕೆರೆ ಖಾಲಿಯಾಗುವುದನ್ನು ನೋಡುತ್ತ ಕುಳಿತರು. ಒಂದು ಸರಪಳಿಗೆ ಕಬ್ಬಿಣದ ತೂಕದ ಮೇಲೆ ಒಂದು ಬೆಲೆ ಇದ್ದೀತು. ಅದು ಹಿಡಿದು ನಿಲ್ಲಿಸಿದ್ದ ನೀರಿನ ಮೌಲ್ಯ ಯಾವ ಬೆಲೆಪಟ್ಟಿಯಲ್ಲೂ ಇರಲಿಲ್ಲ. ಚೆನ್ನಾಗಿ ದುಡಿಯುವ ವಸ್ತುವಿನ ಮೌಲ್ಯ ಅದು ಮುರಿಯುವವರೆಗೆ ಕಣ್ಣಿಗೆ ಬೀಳುವುದಿಲ್ಲ.

ಇನ್ನು ನಮ್ಮ ನಿತ್ಯದ ವ್ಯಾಪಾರಕ್ಕೆ ಬರೋಣ. ನನ್ನ ತಾಯಿ ಮಡಕೆ ಕೊಳ್ಳುವಾಗ ಮೊದಲು ಬೆಲೆ ಕೇಳುವುದಿಲ್ಲ. ಬೆರಳಿನ ಗೆಣ್ಣಿನಿಂದ ಬಾರಿಸಿ ದನಿ ಕೇಳುತ್ತಾಳೆ. ತಂದೆ ಕಬ್ಬು ಕಡಿಯುವ ಮಚ್ಚನ್ನು ಕೊಳ್ಳುವಾಗ ಅಂಚನ್ನೂ ಹಿಡಿಯನ್ನೂ ಮುಟ್ಟಿ ನೋಡಿ ಆಮೇಲೆ ಚೌಕಾಸಿಗೆ ಇಳಿಯುತ್ತಾನೆ. ಅವರಿಬ್ಬರೂ ಶಾಲೆ ಕಲಿತವರಲ್ಲ. ಆದರೆ ಮೌಲ್ಯ ಮೊದಲು, ಬೆಲೆ ಆಮೇಲೆ ಎಂಬ ಕ್ರಮವನ್ನು ಬಲ್ಲವರು. ನಾವು ವಿದ್ಯಾವಂತರು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಫೋನಿನ ಪರದೆಯ ಮೇಲೆ ಒಂದು ದೊಡ್ಡ ಬೆಲೆ ಬರೆದು, ಅದರ ಮೇಲೆ ಗೀಟು ಎಳೆದು, ಕೆಳಗೆ ಸಣ್ಣ ಬೆಲೆ ತೋರಿಸಿದರೆ ಸಾಕು, ಇಷ್ಟು ಉಳಿಯಿತೆಂದು ಹಿಗ್ಗುತ್ತೇವೆ. ಗೀಟು ಎಳೆದ ಆ ಬೆಲೆಯನ್ನು ಯಾರಾದರೂ ಎಂದಾದರೂ ಕೊಟ್ಟಿದ್ದರೇ ಎಂದು ವಿಚಾರಿಸುವುದಿಲ್ಲ. ಬೇಡವಾದ ವಸ್ತುವನ್ನು ಅರ್ಧ ಬೆಲೆಗೆ ಕೊಂಡವನು ಅರ್ಧ ಹಣವನ್ನು ಉಳಿಸಿದವನಲ್ಲ, ಅರ್ಧ ಹಣವನ್ನು ಕಳೆದವನು.

ಕಣ್ಣಿಗೆ ಚೆಂದವಾದುದಕ್ಕೆ ಹೆಚ್ಚು ಕೊಡುವ ಚಾಳಿಯೂ ನಮ್ಮದೇ. ಬೆಲ್ಲವನ್ನೇ ನೋಡಿ. ಕಬ್ಬಿನ ಹಾಲನ್ನು ಬೆಂಡೆಯ ಗಿಡದ ಲೋಳೆಯಿಂದ ತಿಳಿಗೊಳಿಸಿ ಕಾಯಿಸಿದ ಬೆಲ್ಲ ಕಂದು ಬಣ್ಣಕ್ಕೆ ಬರುತ್ತದೆ. ಪೇಟೆಯಲ್ಲಿ ಗಿರಾಕಿ ಹೊನ್ನಿನ ಬಣ್ಣದ ಅಚ್ಚನ್ನು ಬೇಡುತ್ತಾನೆ. ಆ ಬಣ್ಣಕ್ಕಾಗಿ ಆಲೆಮನೆಗಳಲ್ಲಿ ರಾಸಾಯನಿಕ ಪುಡಿ ಬೀಳುವುದುಂಟು. ಹೆಚ್ಚು ಬೆಲೆ ಕೊಟ್ಟು ಕಡಿಮೆ ಮೌಲ್ಯವನ್ನು ಮನೆಗೆ ತರುವುದೆಂದರೆ ಇದೇ. ಆಲೆಮನೆಯವನನ್ನು ಬೈದು ಫಲವಿಲ್ಲ. ಕೊಳ್ಳುವವನ ಕಣ್ಣು ಕೇಳಿದ್ದನ್ನು ಅವನು ಮಾಡುತ್ತಾನೆ.

ಕೈಕೆಲಸದ ವಿಷಯದಲ್ಲಿ ನಾವು ಇನ್ನೂ ಕಠಿಣರು. ಸಂಡೂರಿನಲ್ಲಿ 1984ರಲ್ಲಿ ಸ್ಥಾಪಿತವಾದ ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ ಚೂರು, ಕವಡೆಗಳನ್ನು ಕೂಡಿಸಿ ಕಸೂತಿ ಹಾಕುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ, 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆದರೂ ಅಂಥ ಚೀಲವೊಂದನ್ನು ಕೈಗೆತ್ತಿಕೊಂಡ ನಾವು ಅದಕ್ಕೆ ಹಿಡಿದ ದಿನಗಳನ್ನು ಎಣಿಸದೆ, ಯಂತ್ರ ಹೊಲಿದ ಚೀಲದ ಬೆಲೆಯನ್ನು ಎದುರಿಗಿಟ್ಟು ಐವತ್ತು ರೂಪಾಯಿ ಇಳಿಸೆಂದು ವಾದಿಸುತ್ತೇವೆ. ಗಾಜಿನ ಬಾಗಿಲಿನ ಅಂಗಡಿಯಲ್ಲಾದರೋ ಚೀಟಿಯಲ್ಲಿ ಅಚ್ಚಾದಷ್ಟನ್ನು ಬಾಯಿ ಮುಚ್ಚಿಕೊಂಡು ಕೊಡುತ್ತೇವೆ. ನಮ್ಮ ಚೌಕಾಸಿಯ ಶೌರ್ಯವೆಲ್ಲ ನೆಲದ ಮೇಲೆ ಕುಳಿತು ಮಾರುವವರ ಮೇಲೆ!

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಬಹುದು, ಅದು ನ್ಯಾಯವಾದದ್ದೂ ಹೌದು. ‘ಮೌಲ್ಯ ನೋಡಿ ಕೊಳ್ಳುವುದು ಉಳ್ಳವರ ಮಾತು; ಇಲ್ಲದವನಿಗೆ ಅಗ್ಗದ್ದೇ ಗತಿ.’ ಒಂದು ಲೆಕ್ಕ ನೋಡೋಣ. 200 ರೂಪಾಯಿಯ ಚಪ್ಪಲಿ ನಾಲ್ಕು ತಿಂಗಳು ಬಾಳಿದರೆ ವರ್ಷಕ್ಕೆ 600 ರೂಪಾಯಿ ಆಯಿತು. 500 ರೂಪಾಯಿಯದು ಎರಡು ವರ್ಷ ಬಾಳಿದರೆ ವರ್ಷಕ್ಕೆ 250 ಮಾತ್ರ. ಲೆಕ್ಕ ಸರಿ. ಆದರೆ ಕೂಲಿಯವನ ಕೈಯಲ್ಲಿ ಒಮ್ಮೆಗೆ 500 ಇರುವುದಿಲ್ಲ. ಆದುದರಿಂದಲೇ ಅವನು ಹೆಚ್ಚು ತೆರುತ್ತಾನೆ. ಅವನಿಗೆ ವಿವೇಕ ಸಾಲದೆಂದು ಉಪದೇಶ ಮಾಡುವುದು ಅನ್ಯಾಯ. ಅವನಿಗೆ ಸಾಲದಿರುವುದು ಕೈಗೂಡಿದ ಹಣ. ಒಬ್ಬನಿಗೆ ಆಗದುದನ್ನು ಹತ್ತು ಮಂದಿ ಕೂಡಿ ಮಾಡಬಹುದೆಂಬುದೇ ಇದಕ್ಕೆ ಪರಿಹಾರ. ಸಹಕಾರ ಸಂಘಗಳೂ ಗ್ರಂಥಾಲಯಗಳೂ ಹುಟ್ಟಿದುದು ಇದಕ್ಕಾಗಿಯೇ ಅಲ್ಲವೆ?

ನಮ್ಮ ಕಾಲೇಜಿನಲ್ಲಿಯೇ ಇದನ್ನು ಆರಂಭಿಸಬಹುದು. ಪ್ರತಿವರ್ಷ ಪರೀಕ್ಷೆ ಮುಗಿದ ಕೂಡಲೇ ಎಷ್ಟೋ ಪಠ್ಯಪುಸ್ತಕಗಳು ರದ್ದಿಯ ತಕ್ಕಡಿಗೆ ಹೋಗುತ್ತವೆ. ಅಲ್ಲಿ ಇತಿಹಾಸಕ್ಕೂ ಹಳೆಯ ಪತ್ರಿಕೆಗೂ ಒಂದೇ ಬೆಲೆ, ಕಿಲೋಗೆ ಇಷ್ಟೆಂದು. ಅದೇ ಪುಸ್ತಕ ಮುಂದಿನ ವರ್ಷ ಮೊದಲ ತರಗತಿಗೆ ಬರುವ ಹುಡುಗಿಯೊಬ್ಬಳ ಕೈಗೆ ಸಿಕ್ಕರೆ ಅದರ ಮೌಲ್ಯ ಒಂದು ಕಾಸೂ ಕುಗ್ಗಿರುವುದಿಲ್ಲ. ಅಂತಿಮ ವರ್ಷದವರಾದ ನಾವು ಹೊರಡುವ ಮುನ್ನ ನಮ್ಮ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಒಂದು ಬೇರೆ ಕಪಾಟಿಗೆ ಒಪ್ಪಿಸೋಣವೆಂದೂ, ಅಧ್ಯಾಪಕವರ್ಗದವರು ಅದಕ್ಕೊಂದು ದಾಖಲೆ ಪುಸ್ತಕವನ್ನು ಇಡಿಸಬೇಕೆಂದೂ ನನ್ನ ಸೂಚನೆ.

ಕಡೆಯದಾಗಿ ಒಂದು ಮಾತು. ‘ಬಿ.ಎ.ಗೆ ಏನು ಬೆಲೆ?’ ಎಂದು ಊರಿನಲ್ಲಿ ಕೇಳುವವರುಂಟು. ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆ. ಆದುದರಿಂದ ಅಲ್ಲಿ ಸಿಗುವುದೂ ಕಡಿಮೆಯೆಂಬುದು ಅವರ ಎಣಿಕೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಶುಲ್ಕ ಹೆಚ್ಚಾಗಿದ್ದರೆ ಹತ್ತುತ್ತಿರಲಿಲ್ಲ. ಸಕ್ಕರೆ ಕಾರ್ಖಾನೆ ಮುಚ್ಚಿದ ಊರಿನವರಿಗೆ ಕೆಲಸದ ಚಿಂತೆ ಏನೆಂಬುದು ಗೊತ್ತು. ಪದವಿಗೆ ಪೇಟೆಯಲ್ಲಿ ಏನು ಬೆಲೆ ಬಂದೀತೋ ನಾನು ಹೇಳಲಾರೆ. ಆದರೆ ತಂದೆಯ ಕಬ್ಬಿನ ತೂಕದ ಚೀಟಿಯನ್ನೂ ಸಾಲದ ಪತ್ರವನ್ನೂ ಈಗ ಮನೆಯಲ್ಲಿ ಓದಿ ಹೇಳುವವರುಂಟು. ಆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ನಮ್ಮ ತಂದೆ ಈಗ ‘ತಡಿ, ಮಗ ಬರಲಿ’ ಎನ್ನುತ್ತಾನೆ. ಮಡಕೆಯನ್ನು ಬಾರಿಸಿ ನೋಡುವಂತೆ ಈ ಪದವಿಯನ್ನು ಬಾರಿಸಿ ನೋಡಿದರೆ ಕೇಳುವ ದನಿ ಅದು.