ಮೊದಲು ಹೊಲ, ಅನಂತರ ಯಂತ್ರ

ರೈತ ಬಾಂಧವರೇ, ಕೃಷಿ ಸಹಾಯಕರ ತರಬೇತಿಗೂ ಈಗ ಕೃತಕ ಬುದ್ಧಿಮತ್ತೆ ಬರುತ್ತಿದೆ. ಎಲೆಯ ಚಿತ್ರ ತೋರಿಸಿದರೆ ಯಂತ್ರವು ಕ್ಷಣದಲ್ಲಿ ಕೊರತೆಯನ್ನು ಹೆಸರಿಸುತ್ತದೆ. ಇದು ಸ್ವಾಗತಾರ್ಹ, ಆದರೆ ಎಚ್ಚರಿಕೆ ಅವಶ್ಯಕ.

ಮುಸುಕಿನ ಜೋಳದಲ್ಲಿ ಸಾರಜನಕ ಕಡಿಮೆಯಾದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಗಂಧಕ ಕಡಿಮೆಯಾದರೆ ಮೇಲಿನ ಎಳೆಯ ಎಲೆಗಳು. ಕಿತ್ತ ಒಂದು ಎಲೆಯ ಚಿತ್ರದಿಂದ ಈ ಭೇದ ತಿಳಿಯದು. ಬೇವು ಲೇಪಿತ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ, ಗಂಧಕವಿಲ್ಲ. ಗಂಧಕ ಬೇಕಾದ ಪೈರಿಗೆ ಅದನ್ನು ಕೊಟ್ಟರೆ ಹಣ ನಿಮ್ಮದೇ ನಷ್ಟ.

ಆದುದರಿಂದ ತರಬೇತಿಯಲ್ಲಿ ಸಹಾಯಕರು ಮೊದಲು ಹೊಲಕ್ಕಿಳಿದು, ಇಡೀ ಗಿಡವನ್ನು ಪರಿಶೀಲಿಸಿ, ತಮ್ಮ ನಿರ್ಣಯವನ್ನು ಬರೆದಿಡಲಿ. ಬಳಿಕ ಯಂತ್ರವನ್ನು ಕೇಳಲಿ. ಎರಡೂ ಹೊಂದದಿದ್ದಲ್ಲಿ ಮಣ್ಣು ಪರೀಕ್ಷೆ ಮಾಡಿಸಲಿ. ಸಲಹೆ ತಂದವರನ್ನು ನೀವೂ ಕೇಳಿರಿ: "ಯಾವ ಎಲೆಯನ್ನು ನೋಡಿದಿರಿ?"